ಪ್ರಶ್ನಿಸುವವರ ಮುಂದೆ ಶಿಕ್ಷಕ

(ಶತಮಾನೋತ್ಸವದ ಅಂಗವಾಗಿ ವಿನೋಬನಗರದಲ್ಲಿ ಸೇರಿದ ಪೋಷಕರ, ಹಳೆಯ ವಿದ್ಯಾರ್ಥಿಗಳ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಉತ್ಸವದ ಸಂದರ್ಭಗಳಲ್ಲಿ ಶಿಕ್ಷಕರನ್ನು ಕರೆದು, ಶಾಲು ಹೊದಿಸಿ, ಹಾರ ಹಾಕಿ, ನಾಲ್ಕು ಒಳ್ಳೆಯ ಮಾತನಾಡಿ ಕಳುಹಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಇಂದಿನ ಸಭೆಯ ವ್ಯವಸ್ಥಾಪಕರು ಅದಕ್ಕಿಂತ ಕಷ್ಟವಾದ ಗೌರವವೊಂದನ್ನು ನಮಗೆ ಇತ್ತಿದ್ದಾರೆ. ಪೋಷಕರೂ ಹಳೆಯ ವಿದ್ಯಾರ್ಥಿಗಳೂ ತರಗತಿಯ ವಿಷಯವಾಗಿ ಏನು ಬೇಕಾದರೂ ಕೇಳಬಹುದು, ಶಿಕ್ಷಕರು ಉತ್ತರಿಸಬೇಕು ಎಂದು ಅವರು ಗೊತ್ತುಪಡಿಸಿದ್ದಾರೆ. ಬರೆದು ಕಳುಹಿಸಿದ ಚೀಟಿಗಳು ನಮ್ಮ ಕೈ ಸೇರಿವೆ. ಕೆಲವದರಲ್ಲಿ ಸಿಟ್ಟಿದೆ, ಕೆಲವದರಲ್ಲಿ ಅಳಲಿದೆ, ಒಂದೆರಡರಲ್ಲಿ ಮಮತೆಯೂ ಇದೆ. ಅವನ್ನೆಲ್ಲ ನಾಲ್ಕು ಪ್ರಶ್ನೆಗಳಾಗಿ ಒಟ್ಟುಗೂಡಿಸಿಕೊಂಡು, ಶಿಕ್ಷಕ ವೃತ್ತಿಯವರಾದ ನಾವು ನಮಗೆ ತಿಳಿದಮಟ್ಟಿಗೆ ಉತ್ತರಿಸಲು ಯತ್ನಿಸುತ್ತೇವೆ.

ಅದಕ್ಕೆ ಮೊದಲು ಒಂದು ಮಾತು. ಶಿಕ್ಷಕನನ್ನು ಪ್ರಶ್ನಿಸುವುದು ಅವಿಧೇಯತೆಯೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಈ ಭಾವನೆಗೆ ನಮ್ಮ ಪರಂಪರೆಯಲ್ಲಿ ಆಧಾರ ಕಾಣುವುದಿಲ್ಲ. ಪ್ರಶ್ನೆಗಳ ಹೆಸರನ್ನೇ ಹೊತ್ತ ಉಪನಿಷತ್ತೊಂದು ಈ ದೇಶದಲ್ಲಿದೆ. ಅದರಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಯ ಬಳಿಗೆ ಹೋಗುತ್ತಾರೆ. ಆತನು ಅವರನ್ನು ಗದರಿಸುವುದಿಲ್ಲ. ಒಂದು ವರ್ಷ ತನ್ನೊಡನಿದ್ದು ಆಮೇಲೆ ಕೇಳಬೇಕೆಂದೂ ತನಗೆ ತಿಳಿದಿದ್ದರೆ ಹೇಳುವೆನೆಂದೂ ತಿಳಿಸುತ್ತಾನೆ. ಕೇಳುವವರಿಗೆ ತಾಳ್ಮೆ ಬೇಕು, ಹೇಳುವವನಿಗೆ ವಿನಯ ಬೇಕು ಎಂಬ ಎರಡೂ ಪಾಠಗಳು ಅದರಲ್ಲಿವೆ. ಸಂತ ಲೂಕರ ಶುಭಸಂದೇಶದಲ್ಲಿಯೂ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತ, ಅವರನ್ನು ಪ್ರಶ್ನಿಸುತ್ತಿದ್ದ ಪ್ರಸಂಗವಿದೆ. ಹುಡುಗನು ನಮ್ಮನ್ನು ಪ್ರಶ್ನಿಸುವುದೇ ಎಂದು ಆ ಬೋಧಕರು ಅವನನ್ನು ಹೊರಗೆ ಕಳುಹಿಸಲಿಲ್ಲ. ಅವನ ತಿಳಿವಳಿಕೆಗೆ ಬೆರಗಾದರು. ಆದುದರಿಂದ ಚೀಟಿ ಬರೆದವರಾರೂ ಸಂಕೋಚಪಡಬೇಕಾಗಿಲ್ಲ.

ಮೊದಲನೆಯ ಪ್ರಶ್ನೆ ಪೆಟ್ಟಿನದು. "ಮಕ್ಕಳನ್ನು ಏಕೆ ಹೊಡೆಯುತ್ತೀರಿ?" ಎಂದು ಕೆಲವರು ಕೇಳಿದರೆ, "ಈಗ ಏಕೆ ಹೊಡೆಯುವುದಿಲ್ಲ? ಅದರಿಂದಲೇ ಮಕ್ಕಳು ಕೆಟ್ಟರು" ಎಂದು ಇನ್ನು ಕೆಲವರು ಕೇಳಿದ್ದಾರೆ. "ಛಡಿ ಚಂ ಚಂ, ವಿದ್ಯೆ ಘಂ ಘಂ" ಎಂಬ ಮಾತನ್ನು ಕೇಳಿ ಬೆಳೆದ ತಲೆಮಾರು ನಮ್ಮದು. ಮಗುವನ್ನು ಶಾಲೆಗೆ ಸೇರಿಸುವ ದಿನವೇ, ಕಣ್ಣೊಂದನ್ನು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ ಎಂದು ಪೋಷಕರೇ ಹೇಳುತ್ತಿದ್ದ ಕಾಲವೊಂದಿತ್ತು. ಆ ಕಾಲ ಸರಿಯಿತು. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ಎರಡನೆಯ ಪದವನ್ನು ನಾವು ವಿಶೇಷವಾಗಿ ಗಮನಿಸಬೇಕು. ಬೆತ್ತವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. "ನಿನ್ನ ಅಪ್ಪನ ಹಾಗೆ ಗಾರೆ ಕಲಸಲು ಹೋಗು" ಎಂದು ನಲವತ್ತು ಮಂದಿಯ ಎದುರು ಅನ್ನುವ ಒಂದು ಮಾತು ಬೆತ್ತದ ಬರೆಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಅದರಲ್ಲಿ ಅವಮಾನಕ್ಕೊಳಗಾಗುವವನು ಹುಡುಗನೊಬ್ಬನೇ ಅಲ್ಲ, ಬೆವರು ಸುರಿಸಿ ಅವನನ್ನು ಓದಿಸುತ್ತಿರುವ ತಂದೆಯೂ ಹೌದು.

ಹೊಡೆಯದೆ ಶಿಸ್ತು ಹೇಗೆ ಎಂದು ಕೇಳುವವರಿಗೆ ಸಂತ ಜಾನ್ ಬೋಸ್ಕೋರವರ ಜೀವನವೇ ಉತ್ತರ. ಇಟಲಿಯ ತೂರಿನ್ ನಗರದ ಬೀದಿಯ ಹುಡುಗರನ್ನು, ಸೆರೆಮನೆಯಿಂದ ಹೊರಬಂದ ಬಾಲಕರನ್ನು ಪಾಲಿಸಿದ ಈ ಮಹನೀಯರು ೧೮೭೭ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಬರೆದಿಟ್ಟರು. ತಪ್ಪು ನಡೆದ ಮೇಲೆ ದಂಡಿಸುವ ಪದ್ಧತಿಗೆ ಬದಲಾಗಿ ತಪ್ಪು ನಡೆಯದಂತೆ ಮಕ್ಕಳ ಜೊತೆಗಿದ್ದು ಕಾಯುವ ಪದ್ಧತಿ ಅವರದು. ವಿವೇಕ, ಧರ್ಮಶ್ರದ್ಧೆ, ಮಮತೆ ಎಂಬ ಮೂರು ಕಂಬಗಳ ಮೇಲೆ ಅದು ನಿಂತಿದೆ. ಇದು ಬೆತ್ತಕ್ಕಿಂತ ಶ್ರಮದ ದಾರಿ. ಆಟದ ಬಯಲಿನಲ್ಲಿಯೂ ಶಿಕ್ಷಕನು ಮಕ್ಕಳೊಡನೆ ಇರಬೇಕಾಗುತ್ತದೆ. ಬೆತ್ತವನ್ನು ಮತ್ತೆ ಕೈಗೆತ್ತಿಕೊಳ್ಳಿರೆಂದು ಬರೆದ ಪೋಷಕರಲ್ಲಿ ನಾವು ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಆ ಅಧಿಕಾರವನ್ನು ನಮಗೆ ಕೊಡಬೇಡಿ.

ಎರಡನೆಯ ಪ್ರಶ್ನೆ ಹಿಂದಿನ ಬೆಂಚಿನದು. "ಮುಂದಿನ ಸಾಲಿನವರ ಕಡೆಗೇ ಪಾಠ ಮಾಡುತ್ತಿದ್ದಿರಿ, ನಮ್ಮ ಕಡೆ ನೋಡಲೇ ಇಲ್ಲ" ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ಇದಕ್ಕೆ ಲೆಕ್ಕದ ಉತ್ತರವೊಂದಿದೆ, ಮನಸ್ಸಿನ ಉತ್ತರ ಇನ್ನೊಂದಿದೆ. ಮೊದಲು ಲೆಕ್ಕ. ತರಗತಿಯಲ್ಲಿ ೬೦ ಮಕ್ಕಳಿದ್ದು, ಪಾಠದ ಅವಧಿ ೪೦ ನಿಮಿಷವಾದರೆ, ಶಿಕ್ಷಕನು ಬೇರೇನನ್ನೂ ಮಾಡದೆ ಪ್ರತಿಯೊಬ್ಬರನ್ನೂ ಮಾತನಾಡಿಸಿದರೂ ಒಂದು ಮಗುವಿಗೆ ದೊರಕುವುದು ೪೦ ಸೆಕೆಂಡು. ಕಾಯಿದೆಯು ಕಿರಿಯ ಪ್ರಾಥಮಿಕದಲ್ಲಿ ೩೦ ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ ೩೫ ಮಕ್ಕಳಿಗೆ ಒಬ್ಬ ಶಿಕ್ಷಕರೆಂದು ವಿಧಿಸಿರುವುದರ ಮರ್ಮ ಇದೇ. ತರಗತಿ ಕಿಕ್ಕಿರಿದಿದ್ದರೆ ಶಿಕ್ಷಕನೊಬ್ಬನನ್ನೇ ಕೇಳಿ ಫಲವಿಲ್ಲ. ಆಡಳಿತ ಮಂಡಳಿಯನ್ನೂ ಸರ್ಕಾರವನ್ನೂ ಕೇಳಬೇಕು. ಸರ್ಕಾರಿ ಶಾಲೆಗಳ ನಮ್ಮ ಸಹೋದ್ಯೋಗಿಗಳಂತೂ ಜನಗಣತಿ, ಚುನಾವಣೆ ಮುಂತಾದ ಕರ್ತವ್ಯಗಳಿಗೂ ಹೋಗಬೇಕಾಗುತ್ತದೆ. ಈ ಸಂಗತಿಗಳು ಪೋಷಕರ ತಿಳಿವಿಗೆ ಬರಬೇಕಾದುದು ನ್ಯಾಯ.

ಲೆಕ್ಕ ಮುಗಿದ ಮೇಲೂ ಪ್ರಶ್ನೆ ಉಳಿಯುತ್ತದೆ. ನಮ್ಮ ಪಾಲಿಗಿರುವ ಆ ೪೦ ನಿಮಿಷ ಯಾರಿಗೆ ಸಲ್ಲುತ್ತಿದೆ? ಕೈಯೆತ್ತುವ ಹುಡುಗನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವನನ್ನೇ ಕೇಳುತ್ತ ಹೋದರೆ ಪಾಠ ಸುಗಮವಾಗಿ ಸಾಗುತ್ತದೆ, ಪಾಠಪಟ್ಟಿ ಸಕಾಲದಲ್ಲಿ ಮುಗಿಯುತ್ತದೆ, ತನಿಖೆಗೆ ಬಂದವರಿಗೆ ತೃಪ್ತಿಯಾಗುತ್ತದೆ. ಕೈಯೆತ್ತದವನಿಗೆ ಮಾತ್ರ ಏನೂ ಆಗುವುದಿಲ್ಲ. ಪಾಠ ಮುಗಿದಾಗ ಹಿಂದಿನ ಸಾಲಿನ ಐದು ಮಕ್ಕಳ ಪುಸ್ತಕವನ್ನು ತೆರೆದು ನೋಡುವ ಅಭ್ಯಾಸವಿರುವ ಶಿಕ್ಷಕನಿಗೆ ಆ ದಿನದ ಪಾಠ ಎಲ್ಲಿಯವರೆಗೆ ತಲುಪಿತೆಂಬುದು ಅಲ್ಲಿಯೇ ತಿಳಿಯುತ್ತದೆ. ಅಂಕಪಟ್ಟಿ ಬರುವವರೆಗೆ ಕಾಯಬೇಕಾಗುವುದಿಲ್ಲ.

ಮೂರನೆಯ ಪ್ರಶ್ನೆ ಭಾಷೆಯದು ಮತ್ತು ಮನೆಗೆಲಸದ್ದು. "ಇಂಗ್ಲಿಷಿನಲ್ಲಿ ಮನೆಗೆಲಸ ಕೊಡುತ್ತೀರಿ, ನಮಗೆ ಓದಲು ಬಾರದು, ಟ್ಯೂಷನ್ನಿಗೆ ಹಣವಿಲ್ಲ. ನಾವೇನು ಮಾಡಬೇಕು?" ಎಂದು ತಾಯಿಯೊಬ್ಬರು ಬೇರೆಯವರಿಂದ ಬರೆಸಿ ಕಳುಹಿಸಿದ್ದಾರೆ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಬೇಕೆಂಬುದು ಅದೇ ಕಾಯಿದೆಯ ೨೯ನೆಯ ಪ್ರಕರಣದ ಆಶಯ. ಆದರೆ ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕ ಸರ್ಕಾರದ ಭಾಷಾನೀತಿಯ ಮೊಕದ್ದಮೆಯಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದು ತೀರ್ಪಿತ್ತಿತು. ಆಯ್ಕೆಯ ಹೊಣೆ ಈಗ ಪೋಷಕರ ಮೇಲಿದೆ. ದಾವಣಗೆರೆಯಂತಹ ಊರಿನಲ್ಲಿ ಮನೆಯೊಳಗೆ ಕನ್ನಡ, ಉರ್ದು, ತೆಲುಗು, ತಮಿಳು, ಕೊಂಕಣಿ, ಮರಾಠಿ, ಲಂಬಾಣಿ ಮಾತುಗಳಿವೆ. ಇಂಗ್ಲಿಷ್ ಬಂದರೆ ಮಗು ಮೇಲೆ ಬಂದೀತೆಂಬ ಆಸೆಯಿಂದ ಹೊಟ್ಟೆ ಕಟ್ಟಿ ಶುಲ್ಕ ತೆರುವ ಪೋಷಕರ ಆಯ್ಕೆಯನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ಅವರ ಆಯ್ಕೆಯ ಭಾರವನ್ನೆಲ್ಲ ಅವರ ಹೆಗಲಿಗೇ ಹೊರಿಸುವ ಅಧಿಕಾರವೂ ನಮಗಿಲ್ಲ.

ಆ ತಾಯಿಗೆ ನಮ್ಮ ಉತ್ತರವಿಷ್ಟು. ಮಗುವು ಒಂಟಿಯಾಗಿ ಮಾಡಲಾಗದ ಕೆಲಸವನ್ನು ಮನೆಗೆ ಕಳುಹಿಸಬಾರದು. ಕಲಿಸುವ ಕೆಲಸ ಶಾಲೆಯದು, ಕಲಿತುದನ್ನು ಅಭ್ಯಾಸ ಮಾಡುವುದಷ್ಟೇ ಮನೆಯದು. ಕನ್ನಡದಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ದಂಡ ವಿಧಿಸುವುದು ಅದರ ಬಾಯಿಗೆ ಬೀಗ ಹಾಕಿದಂತೆ. ತಿಳಿಯಲಿಲ್ಲವೆಂದು ಹೇಳುವ ಭಾಷೆಯನ್ನೇ ಕಸಿದುಕೊಂಡರೆ ತಿಳಿಯಲಿಲ್ಲವೆಂಬುದು ನಮಗೆ ಗೊತ್ತಾಗುವ ಬಗೆ ಹೇಗೆ? ತಾಯಿಯಾದವರು ದಿನವೂ ಪುಸ್ತಕ ತೆರೆಸಿ, "ಇವತ್ತು ಏನು ಕಲಿತೆ, ನನಗೂ ಹೇಳು" ಎಂದು ತಮ್ಮ ಮಾತಿನಲ್ಲಿ ಕೇಳಿದರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಅಕ್ಷರ ಬಾರದ ತಾಯಿಗೂ ಈ ಪ್ರಶ್ನೆ ಬರುತ್ತದೆ. ಇನ್ನು ಟ್ಯೂಷನ್ನಿನ ಮಾತು. ಶಿಕ್ಷಕರು ಖಾಸಗಿ ಪಾಠದಲ್ಲಿ ತೊಡಗಬಾರದೆಂದು ಕಾಯಿದೆಯ ೨೮ನೆಯ ಪ್ರಕರಣ ಹೇಳುತ್ತದೆ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಸಂಜೆಗೆ ಕಾಯ್ದಿರಿಸುವ ಕ್ರಮ ಎಲ್ಲಿದ್ದರೂ ಅದನ್ನು ಪ್ರಶ್ನಿಸಲು ಪೋಷಕರಿಗೆ ಪೂರ್ಣ ಹಕ್ಕಿದೆ.

ಇಲ್ಲಿ ಕಾನೂನಿನ ಇನ್ನೊಂದು ಅಂಶವನ್ನೂ ತಿಳಿಸಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ೨೦೦೧ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿದೆ. ಪೋಷಕರ ಸಭೆಯನ್ನು ನಿಯತವಾಗಿ ಸೇರಿಸಿ ಮಗುವಿನ ಹಾಜರಾತಿ, ಕಲಿಕೆಯ ಶಕ್ತಿ, ಪ್ರಗತಿಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದೂ ಅದರಲ್ಲಿದೆ. ಆದರೆ ನಾವು ಮೇಲೆ ಹೇಳಿದ ೨೦೧೪ರ ಮೇ ೬ರಂದೇ ಬಂದ ಬೇರೊಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ಹೇಳಿತು. ೨೦೨೫ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ಅದನ್ನು ಹಿರಿಯ ಪೀಠದ ಪರಿಶೀಲನೆಗೆ ಒಪ್ಪಿಸಿತು. ನ್ಯಾಯಾಲಯಗಳು ಏನನ್ನೇ ನಿರ್ಧರಿಸಲಿ, ಕ್ರೈಸ್ತ ಶಾಲೆಗಳಿಗೆ ಈ ವಿಷಯದಲ್ಲಿ ಬೇರೊಂದು ಕಟ್ಟಳೆ ಅದಕ್ಕೂ ಮೊದಲೇ ಇದೆ. ೧೯೬೫ರ ಅಕ್ಟೋಬರ್ ೨೮ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯು ತಂದೆತಾಯಿಗಳೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರೆಂದು ಸಾರಿತು. ಹಾಗಿರುವಾಗ ಪೋಷಕರು ಶಾಲೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವವರಾಗಲಾರರು. ಅವರು ತಮ್ಮ ಕೆಲಸದ ಒಂದು ಭಾಗವನ್ನು ನಮಗೆ ವಹಿಸಿಕೊಟ್ಟವರು. ಆ ಕೆಲಸದ ಲೆಕ್ಕ ಕೇಳುವುದು ಅವರಿಗೆ ಸಹಜವಾದ ಹಕ್ಕು.

ನಾಲ್ಕನೆಯ ಪ್ರಶ್ನೆ ಚೀಟಿಗಳ ರಾಶಿಯಲ್ಲಿ ಒಂದೇ ಒಂದು ಇತ್ತು. ಅದರಲ್ಲಿ ಹೆಸರಿಲ್ಲ. "ಏಳನೆಯ ತರಗತಿಗೆ ಶಾಲೆ ಬಿಟ್ಟವರು ಹಳೆಯ ವಿದ್ಯಾರ್ಥಿಗಳಲ್ಲವೇ?" ಎಂದಷ್ಟೇ ಬರೆದಿದೆ.

ಈ ಪ್ರಶ್ನೆಯನ್ನು ಓದಿದಾಗ ನಮಗೆ ನೆನಪಾದುದು ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡಗಾಡಿನ ಹಳ್ಳಿ. ಫ್ಲಾರೆನ್ಸ್ ಧರ್ಮಪ್ರಾಂತ್ಯದ ಗುರುಗಳಾದ ಲೊರೆಂಜೊ ಮಿಲಾನಿಯವರನ್ನು ೧೯೫೪ರಲ್ಲಿ ಆ ಹಳ್ಳಿಗೆ ಕಳುಹಿಸಲಾಯಿತು. ಬೇರೆ ಶಾಲೆಗಳಲ್ಲಿ ನಪಾಸಾಗಿ ಹೊರಬಿದ್ದ ರೈತರ ಮಕ್ಕಳನ್ನು ಸೇರಿಸಿಕೊಂಡು ಅವರು ಅಲ್ಲಿ ಶಾಲೆ ನಡೆಸಿದರು. ಆ ಶಾಲೆಯ ಎಂಟು ಮಂದಿ ಹುಡುಗರು ಒಟ್ಟಾಗಿ ಕುಳಿತು, ತಮ್ಮ ಗೆಳೆಯರನ್ನು ನಪಾಸು ಮಾಡಿದ ಶಿಕ್ಷಕಿಯನ್ನು ಉದ್ದೇಶಿಸಿ ದೀರ್ಘವಾದ ಪತ್ರವೊಂದನ್ನು ಬರೆದರು. "ಶಿಕ್ಷಕಿಗೆ ಪತ್ರ" ಎಂಬ ಅರ್ಥದ ಹೆಸರಿನಿಂದ ಅದು ೧೯೬೭ರ ಮೇ ತಿಂಗಳಲ್ಲಿ ಪುಸ್ತಕವಾಗಿ ಹೊರಬಂದಿತು. ಮುಂದಿನ ತಿಂಗಳು, ಜೂನ್ ೨೬ರಂದು, ಗುರು ಮಿಲಾನಿಯವರು ೪೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಹುಡುಗರು ಬರಿಯ ಕೋಪದಿಂದ ಬರೆಯಲಿಲ್ಲ. ಶಾಲೆಗಳ ಅಂಕಿ ಅಂಶಗಳನ್ನು ಕಲೆಹಾಕಿ, ಯಾರು ನಪಾಸಾಗುತ್ತಾರೆ, ಅವರ ತಂದೆಯ ಕಸುಬೇನು, ನಪಾಸಾದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿದರು. ಹೊರಬೀಳುವವರಲ್ಲಿ ಬಡವರ ಮಕ್ಕಳೇ ಹೆಚ್ಚೆಂದು ತೋರಿಸಿದರು. ಮಕ್ಕಳನ್ನು ನಪಾಸು ಮಾಡಬೇಡಿ, ದಡ್ಡರೆಂದು ಕಾಣುವವರಿಗೆ ದಿನವಿಡೀ ಶಾಲೆ ನಡೆಸಿ, ಸೋಮಾರಿಗಳೆಂದು ಕಾಣುವವರಿಗೆ ಓದಿನ ಗುರಿಯೊಂದನ್ನು ತೋರಿಸಿ ಎಂಬ ಮೂರು ಸುಧಾರಣೆಗಳನ್ನು ಸೂಚಿಸಿದರು. ಈ ಪುಸ್ತಕವನ್ನು ತಾವು ಬರೆದದ್ದು ಪೋಷಕರಿಗಾಗಿ, ಅವರು ಸಂಘಟಿತರಾಗಲೆಂದು ಎಂದೂ ತಿಳಿಸಿದರು. ಐವತ್ತು ವರ್ಷಗಳ ಅನಂತರ, ೨೦೧೭ರ ಜೂನ್ ೨೦ರಂದು, ಜಗದ್ಗುರು ಫ್ರಾನ್ಸಿಸ್ ಪೋಪರು ಆ ಹಳ್ಳಿಗೆ ಹೋಗಿ ಮಿಲಾನಿಯವರ ಸಮಾಧಿಯ ಬಳಿ ಪ್ರಾರ್ಥಿಸಿದರು.

ಬಾರ್ಬಿಯಾನಾ ನಮ್ಮಿಂದ ಬಹು ದೂರ. ಆದರೆ ಆ ಹುಡುಗರ ಲೆಕ್ಕ ದೂರದ್ದಲ್ಲ. ಹತ್ತಿಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ನಿಂತಾಗ, ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದಾಗ, ಸಂಬಳ ನಿಂತದ್ದು ತಂದೆಯರದು. ಅಂತಹ ಮನೆಗಳಲ್ಲಿ ಮೊದಲು ಅಲುಗಾಡುವುದು ಮಕ್ಕಳ ಓದು. ಹಾಜರಿ ಪುಸ್ತಕದಲ್ಲಿ ಕೆಲವು ದಿನ ಗೈರುಹಾಜರಿಯ ಗುರುತು ಬೀಳುತ್ತದೆ, ಅನಂತರ ಹೆಸರಿನ ಮೇಲೆ ಕೆಂಪು ಗೆರೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಗ್ಯಾರೇಜಿನಲ್ಲಿ, ಹೋಟೆಲಿನ ಹಿತ್ತಲಿನಲ್ಲಿ ಆ ಹುಡುಗನನ್ನು ಅವನ ಸಹಪಾಠಿಗಳು ಕಾಣುತ್ತಾರೆ. ಬಾರ್ಬಿಯಾನಾದ ಮೂರನೆಯ ಪ್ರಶ್ನೆ, ಹೊರಬಿದ್ದವನು ಎಲ್ಲಿಗೆ ಹೋದನೆಂಬುದು, ಕೆಂಪು ಗೆರೆ ಎಳೆಯುವಾಗ ಕೇಳಬೇಕಾದ ಪ್ರಶ್ನೆ. ನೋಂದಣಿ ಪುಸ್ತಕದಲ್ಲಿ ಆ ಪ್ರಶ್ನೆಗೆ ಅಂಕಣವಿಲ್ಲ.

ವ್ಯಾಟಿಕನ್ ಮಹಾಸಭೆಯ ಅದೇ ಘೋಷಣೆಯು, ವ್ಯಾಸಂಗ ಮುಗಿಸಿ ಹೋದ ವಿದ್ಯಾರ್ಥಿಗಳಿಗೆ ಶಿಕ್ಷಕರು ಸಲಹೆಯಿಂದಲೂ ಸ್ನೇಹದಿಂದಲೂ ನೆರವಾಗುತ್ತಿರಬೇಕೆಂದು ಹೇಳುತ್ತದೆ. ಮುಗಿಸಿ ಹೋದವರಿಗೆ ಅಷ್ಟು ಸಲ್ಲುವುದಾದರೆ ಮುಗಿಸದೆ ಹೋದವರಿಗೆ ಅದಕ್ಕಿಂತ ಹೆಚ್ಚು ಸಲ್ಲಬೇಕೆಂಬುದು ನಮ್ಮ ನಂಬಿಕೆ. ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸಿ ಹೊರಟ ಕುರುಬನ ಸಾಮತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಹೆಸರಿಲ್ಲದ ಚೀಟಿಗೆ ನಮ್ಮ ಉತ್ತರ ಸ್ಪಷ್ಟ. ಹೌದು, ಅವರೂ ಹಳೆಯ ವಿದ್ಯಾರ್ಥಿಗಳೇ. ಶಿಕ್ಷಕರನ್ನು ಪ್ರಶ್ನಿಸುವ ಮೊದಲ ಹಕ್ಕು ಅವರದೇ.

ಹೀಗೆ ಉತ್ತರಿಸುವಾಗ ಶಿಕ್ಷಕರ ಪರವಾಗಿ ಎರಡು ಬಿನ್ನಹಗಳನ್ನು ಮಾಡಿಕೊಳ್ಳುವುದು ಅನುಚಿತವಾಗಲಾರದು. ಒಂದು, ದೂರನ್ನು ಮೊದಲು ನಮ್ಮ ಎದುರಿಗೆ ಹೇಳಿ. ಮೊಬೈಲಿನ ಗುಂಪುಗಳಲ್ಲಿ ರಾತ್ರಿ ಹುಟ್ಟಿದ ಮಾತು ಬೆಳಗಾಗುವುದರೊಳಗೆ ಊರ ತೀರ್ಪಾಗುತ್ತದೆ. ಮಗು ಹೇಳಿದುದನ್ನು ನಂಬಿ. ಶಿಕ್ಷಕ ಹೇಳುವುದನ್ನೂ ಕೇಳಿ. ಆದರೆ ಮಗುವಿನ ಮೈಮಾನಗಳಿಗೆ ಧಕ್ಕೆಯಾಗುವ ವಿಷಯವಿದ್ದರೆ ತಡೆಯದೆ ಮೇಲಿನವರಿಗೂ ಪೊಲೀಸರಿಗೂ ತಿಳಿಸಿ. ಅಲ್ಲಿ ಶಾಲೆಯ ಮರ್ಯಾದೆಯ ಮಾತು ಬರಕೂಡದು. ಎರಡು, ಅಂಕಗಳನ್ನು ಮಾತ್ರ ಕೇಳಿ ಹೊರಡಬೇಡಿ. ಮಗು ಯಾರೊಡನೆ ಕೂರುತ್ತದೆ, ಊಟ ಮಾಡುತ್ತದೆಯೆ, ಮಾತನಾಡುತ್ತದೆಯೆ, ಯಾವುದಕ್ಕೆ ಹೆದರುತ್ತದೆ ಎಂದೂ ಕೇಳಿ. ಇಂತಹ ಪ್ರಶ್ನೆಗಳಿಗೆ ಉತ್ತರಿಸಬೇಕಾಗುವುದೆಂದು ಗೊತ್ತಿದ್ದರೆ ಶಿಕ್ಷಕನು ಆ ಮಗುವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ನಾವು ಸೇರಿರುವ ಈ ಬಡಾವಣೆ ಆಚಾರ್ಯ ವಿನೋಬಾ ಭಾವೆಯವರ ಹೆಸರನ್ನು ಹೊತ್ತಿದೆ. ಭೂದಾನಕ್ಕಾಗಿ ಮನೆಮನೆಯ ಬಾಗಿಲಿಗೆ ನಡೆದುಹೋದ ಆ ಮಹಾನುಭಾವರು ೧೯೬೮ರಲ್ಲಿ ಆಚಾರ್ಯಕುಲವೆಂಬ ಶಿಕ್ಷಕ ಬಳಗವನ್ನು ಹುಟ್ಟುಹಾಕಿದರು. ಶಿಕ್ಷಕರು ಅಧಿಕಾರ ರಾಜಕೀಯದಿಂದ ದೂರವಿದ್ದು, ನಿರ್ಭೀತರಾಗಿ ಸಮಾಜಕ್ಕೆ ನೆರವಾಗಬೇಕೆಂಬುದು ಅದರ ಆಶಯವಾಗಿತ್ತು. ಅಧಿಕಾರಕ್ಕೆ ಅಂಜದಿರುವ ಸ್ವಾತಂತ್ರ್ಯ ಶಿಕ್ಷಕನಿಗೆ ಬೇಕು. ಕೂಲಿಕಾರ ತಾಯಿಯ ಪ್ರಶ್ನೆಗೆ ತಲೆಬಾಗುವ ಗುಣವೂ ಆ ಸ್ವಾತಂತ್ರ್ಯದ ಜೊತೆಗೇ ಇರಬೇಕು. ವಿನೋಬಾ ಅವರು ಜನರ ಬಾಗಿಲಿಗೆ ತಾವೇ ಹೋದರು. ಜನರು ತಮ್ಮ ಬಳಿಗೆ ಬರಲೆಂದು ಕಾಯಲಿಲ್ಲ.

ಆದುದರಿಂದ ಈ ಸಭೆಯ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಮೊದಲನೆಯದು, ಪೋಷಕರ ಸಭೆಯನ್ನು ಕೆಲಸದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಕರೆಯುವುದನ್ನು ನಿಲ್ಲಿಸೋಣ. ದಿನಗೂಲಿಯವರಿಗೆ ಆ ಸಭೆಯ ಬೆಲೆ ಒಂದು ದಿನದ ಅನ್ನ. ಅವರು ಬರಲಿಲ್ಲವೆಂದು ಆಕ್ಷೇಪಿಸುವ ಮೊದಲು ಭಾನುವಾರದ ಪೂಜೆಯ ಅನಂತರವೋ ಸಂಜೆ ಏಳರ ಮೇಲೋ ಸಭೆ ಸೇರಿಸಿ ನೋಡೋಣ. ಎರಡನೆಯದು, ಆ ಸಭೆಯಲ್ಲಿ ಭಾಷಣಗಳ ಬದಲು ಮಗುವಿನ ನೋಟ್ ಪುಸ್ತಕ ಶಿಕ್ಷಕರ ಮತ್ತು ಪೋಷಕರ ನಡುವೆ ಮೇಜಿನ ಮೇಲೆ ತೆರೆದಿರಲಿ. ಓದು ಬಾರದ ಪೋಷಕರಿಗೆ ಹಳೆಯ ವಿದ್ಯಾರ್ಥಿಯೊಬ್ಬರು ಪಕ್ಕದಲ್ಲಿ ಕುಳಿತು ಓದಿ ಹೇಳಲಿ. ಮೂರನೆಯದು, ಕಳೆದ ಹತ್ತು ವರ್ಷಗಳ ನೋಂದಣಿ ಪುಸ್ತಕಗಳನ್ನು ತೆರೆದು ಕೆಂಪು ಗೆರೆ ಬಿದ್ದ ಹೆಸರುಗಳನ್ನು ಪಟ್ಟಿ ಮಾಡೋಣ. ಒಬ್ಬ ಶಿಕ್ಷಕರು, ಒಬ್ಬ ಹಳೆಯ ವಿದ್ಯಾರ್ಥಿ ಜೊತೆಗೂಡಿ ಆ ಮನೆಗಳಿಗೆ ಹೋಗಲಿ. ಏಕೆ ಬಿಟ್ಟಿರೆಂದು ಅವರನ್ನು ವಿಚಾರಿಸಲು ಬೇಡ. ನಮ್ಮನ್ನು ಏನು ಕೇಳಬೇಕೆಂದಿದ್ದೀರಿ ಎಂದು ಕೇಳಿ, ಅವರು ಹೇಳಿದುದನ್ನು ಬರೆದುಕೊಂಡು ಬರಲಿ. ಮತ್ತೆ ಓದುವ ಮನಸ್ಸಿರುವವರಿಗೆ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುವ ದಾರಿಯಿದೆ. ಅರ್ಜಿ ತುಂಬಿಸುವುದರಿಂದ ಹಿಡಿದು ಸಂಜೆ ಪಾಠ ಹೇಳುವವರೆಗೆ ನೆರವಾಗುವುದು ನಮ್ಮೆಲ್ಲರಿಂದ ಆಗತಕ್ಕ ಕೆಲಸ.

ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ವೈದ್ಯರ, ಇಂಜಿನಿಯರರ, ಗುರುಗಳ, ಧರ್ಮಭಗಿನಿಯರ ಹೆಸರುಗಳಿವೆ. ಅದು ಸಂತೋಷದ ಸಂಗತಿ. ಪಟ್ಟಿಯ ಕೊನೆಯ ಪುಟದಲ್ಲಿ ಇನ್ನೂ ಸ್ಥಳವಿದೆಯೆಂದು ಸಂಪಾದಕರು ತಿಳಿಸಿದ್ದಾರೆ. ಮುದ್ರಣಕ್ಕೆ ಹೋಗುವ ಮುನ್ನ, ಅವರವರ ಒಪ್ಪಿಗೆ ಪಡೆದು, ಬಿಟ್ಟುಹೋದ ಹೆಸರುಗಳನ್ನು ಅಲ್ಲಿ ಸೇರಿಸಬೇಕೆಂದು ಸಭೆಯನ್ನು ಪ್ರಾರ್ಥಿಸುತ್ತೇವೆ.

 ಇನ್ನು ಸಭೆ ನಿಮ್ಮದು, ಕೇಳಿ.